ಆ ಪಕ್ಕದ ರೂಮಿನ ಬೀಗ ತೆಗೆಸಿ: ನಮ್ಮ ಗ್ರಂಥಾಲಯದ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ನಿಮ್ಮ ಗ್ರಂಥಾಲಯಕ್ಕೆ ದಿನಾ ಬೆಳಿಗ್ಗೆ ಬರುವವನು. ಪೇಪರ್ ಓದುವ ಉದ್ದ ಮೇಜಿನ ಕೊನೆಯಲ್ಲಿ, ಕಿಟಕಿ ಪಕ್ಕದ ಕುರ್ಚಿ ನನ್ನದು ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಮೈಸೂರಿನ ಯಾವ ಗ್ರಂಥಾಲಯ ಅಂತ ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಸಿಬ್ಬಂದಿ ಒಳ್ಳೆಯವರು, ಮಳೆ ಬಂದರೆ ತಮ್ಮ ಛತ್ರಿ ಕೊಟ್ಟು ಕಳಿಸುತ್ತಾರೆ. ನಾಲ್ಕು ಸಾಲು ಓದಿದರೆ ಇದು ನಿಮಗೇ ಬರೆದದ್ದು ಅಂತ ನಿಮಗೆ ಗೊತ್ತಾಗುತ್ತದೆ. ಅಷ್ಟು ಸಾಕು.

ನೇರವಾಗಿ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಸಲಹಾ ಪೆಟ್ಟಿಗೆಗೆ ಎರಡು ಸಲ ಚೀಟಿ ಹಾಕಿದೆ. ಎರಡನೇದು ಹಾಕುವಾಗ ಗಾಜಿನ ಒಳಗೆ ಮೊದಲನೇದು ಹಾಗೇ ಮಡಚಿಕೊಂಡು ಬಿದ್ದಿರುವುದು ಕಾಣಿಸಿತು.

ವಿಷಯ ದೊಡ್ಡದಲ್ಲ. ಮೇಲಿನ ಮಹಡಿಯಲ್ಲಿ ಪ್ರದರ್ಶನ ನಡೆಸುವ ಗ್ಯಾಲರಿ ಇದೆಯಲ್ಲ, ಅದರ ಪಕ್ಕಕ್ಕೆ ಅಂಟಿಕೊಂಡು ಒಂದು ಚಿಕ್ಕ ರೂಮಿದೆ. ಬಾಗಿಲ ಸಂದಿಯಲ್ಲಿ ಇಣುಕಿ ನೋಡಿದ್ದೇನೆ. ಕಾಲು ಮುರಿದ ಕುರ್ಚಿಗಳು, ಹಗ್ಗ ಕಟ್ಟಿದ ಹಳೆ ಪೇಪರ್ ಕಟ್ಟುಗಳು, ಯಾವುದೋ ಕಾಲದ ಒಂದು ನೋಟಿಸ್ ಬೋರ್ಡು. ಆ ರೂಮಿನ ಬೀಗ ತೆಗೆಸಿ. ಇನ್ನು ಮುಂದೆ ಪ್ರದರ್ಶನ ಮಾಡುವಾಗ ಹಾಡು, ಮಾತು, ವಿಡಿಯೊ ಎಲ್ಲ ಆ ರೂಮಿಗೆ ಹೋಗಲಿ. ಗ್ಯಾಲರಿ ಅದರ ಪಾಡಿಗೆ ಸುಮ್ಮನಿರಲಿ.

ಇದನ್ನು ಹೇಳುವುದಕ್ಕೆ ಇವನು ಯಾರು ಅಂತೀರಾ? ನಾನು ಮೂವತ್ತೆರಡು ವರ್ಷ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಕಾರ್ಬನ್ ಕಡ್ಡಿ ಉರಿಸಿ ಸಿನಿಮಾ ತೋರಿಸುತ್ತಿದ್ದ ಕಾಲದಲ್ಲಿ ಸೇರಿದವನು, ರೀಲು ಹೋಗಿ ಡಿಜಿಟಲ್ ಬಂದಾಗ ಮನೆಗೆ ಹೋದವನು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಕತ್ತಲೆ ಎಷ್ಟಿರಬೇಕು, ಸದ್ದು ಎಷ್ಟಿರಬೇಕು, ಜನ ಯಾವಾಗ ಎದ್ದು ಹೋಗುತ್ತಾರೆ, ಈ ಮೂರು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಕಳೆದ ದಸರಾ ಸಮಯದ ಪ್ರದರ್ಶನ ನೆನಪಿದೆ ಅಲ್ವಾ? ಹಳೆ ಮೈಸೂರಿನ ಸಂಗೀತಗಾರರು, ರೇಡಿಯೊ, ಕಾವ್ಯವನ್ನು ರಾಗವಾಗಿ ಓದುವ ಗಮಕ. ಫೋಟೊಗಳು ಚೆನ್ನಾಗಿದ್ದವು. ಬರಹವೂ ಚೆನ್ನಾಗಿತ್ತು, ಅಕ್ಷರ ಸ್ವಲ್ಪ ಸಣ್ಣದಾಯಿತು ಅನ್ನೋದು ಬಿಟ್ಟರೆ. ಹಾಲಿನ ನಡುವೆ ಒಂದು ದೊಡ್ಡ ಟಿವಿ ಇಟ್ಟಿದ್ದಿರಿ. ಮೊದಲನೇ ದಿನ ಅದರಲ್ಲಿ ಗಮಕ ವಾಚನ ಜೋರಾಗಿ ಬರುತ್ತಿತ್ತು. ಬರಿಗೋಡೆ, ಸಿಮೆಂಟು ನೆಲ. ಒಂದು ಪದ ಮುಗಿಯುವ ಮೊದಲೇ ಅದರ ಮೇಲೆ ಇನ್ನೊಂದು ಬಂದು ಬೀಳುತ್ತಿತ್ತು. ಕೆಳಗೆ ಪರೀಕ್ಷೆಗೆ ಓದುತ್ತಿದ್ದ ಹುಡುಗರು ಮೇಲೆ ಬಂದು ಗಲಾಟೆ ಮಾಡಿದರು. ಅವರದ್ದೇನು ತಪ್ಪು? ಕೆಎಎಸ್‌ಗೆ ಓದುವವರಿಗೆ ಕುಮಾರವ್ಯಾಸ ಕೂಡ ಆ ಹೊತ್ತಿನಲ್ಲಿ ತೊಂದರೆಯೇ.

ಎರಡನೇ ದಿನ ಸದ್ದು ಅರ್ಧಕ್ಕೆ ಇಳಿಯಿತು. ಮೂರನೇ ದಿನ ಪೂರ್ತಿ ಹೋಯಿತು. ಆಮೇಲೆ ಪ್ರದರ್ಶನ ಮುಗಿಯುವವರೆಗೂ ಗಮಕಿಗಳು ಟಿವಿಯಲ್ಲಿ ಬಾಯಿ ಆಡಿಸುತ್ತಾ ಕೂತಿದ್ದರು. ಅದೂ ಕಿಟಕಿಯ ಬಿಸಿಲು ನೇರವಾಗಿ ಟಿವಿ ಮೇಲೆ ಬೀಳುತ್ತಿತ್ತು. ಹನ್ನೊಂದು ಗಂಟೆ ಮೇಲೆ ಅವರ ಮುಖಕ್ಕಿಂತ ಎದುರುಗಡೆಯ ಬೇವಿನ ಮರವೇ ಚೆನ್ನಾಗಿ ಕಾಣಿಸುತ್ತಿತ್ತು. ಒಬ್ಬ ಅಜ್ಜಿ ತಮ್ಮ ಮೊಮ್ಮಗನನ್ನು ಕೇಳಿದರು, 'ಇವರು ಯಾಕಪ್ಪಾ ಏನೂ ಮಾತಾಡ್ತಿಲ್ಲ?' ಅವನು, 'ಇದು ಲೈಬ್ರರಿ ಅಲ್ವಾ ಅಜ್ಜಿ' ಅಂದ.

ಅದೇ ಗೋಡೆಯಲ್ಲಿ ಗೌಹರ್ ಜಾನ್ ಅವರ ಫೋಟೊ ಇತ್ತು. ಕೆಳಗೆ ಎರಡು ಪ್ಯಾರಾ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ನಮ್ಮ ದೇಶದ ಮೊದಮೊದಲ ಕಲಾವಿದರಲ್ಲಿ ಒಬ್ಬರು. ನಾಲ್ವಡಿ ಕೃಷ್ಣರಾಜ ಒಡೆಯರ್ ಕರೆದರು ಅಂತ 1928ರಲ್ಲಿ ಮೈಸೂರಿಗೆ ಬಂದರು. 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ಎಲ್ಲ ಸರಿ. ಆದರೆ ಅವರ ವಿಷಯದಲ್ಲಿ ಮುಖ್ಯವಾದದ್ದು ಫೋಟೊದಲ್ಲಿ ಇಲ್ಲವಲ್ಲ ಸ್ವಾಮಿ. ತಟ್ಟೆಯ ಒಂದು ಮಗ್ಗುಲು ಸುಮಾರು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಇಡೀ ರಾಗ ಮುಗಿಸಿ, ಕೊನೆಗೆ ಜೋರಾಗಿ ಇಂಗ್ಲಿಷಿನಲ್ಲಿ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಹೇಳುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿ ಚೀಟಿ ಅಂಟಿಸುವವರಿಗೆ ಇದು ಯಾರ ಹಾಡು ಅಂತ ಗೊತ್ತಾಗಲಿ ಅಂತ ಹಾಗೆ ಹೇಳುತ್ತಿದ್ದರಂತೆ. ಅದನ್ನು ಒಂದು ಸಲ ಕೇಳಿದ ಮಗು ಮರೆಯುವುದಿಲ್ಲ. ಎರಡು ಪ್ಯಾರಾ ಓದಿದವರು ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆಯುತ್ತಾರೆ. ನಾನೂ ಮರೆತಿದ್ದೆ, ಇಸವಿಗಳನ್ನು ಮನೆಗೆ ಬಂದು ಮತ್ತೆ ನೋಡಿಕೊಂಡೆ.

ಆ ದನಿಗೆ ಜಾಗ ಎಲ್ಲಿತ್ತು? ಹಾಲಿನಲ್ಲಿ ಹಾಕಿದರೆ ಗಲಾಟೆ, ಹಾಕದಿದ್ದರೆ ಪ್ರದರ್ಶನ ಮೂಕ. ಪಕ್ಕದ ರೂಮು ಬೇಕು ಅಂತ ನಾನು ಹೇಳುತ್ತಿರುವುದು ಇದಕ್ಕೇ.

ಇದೇನು ಫಾರಿನ್ ಐಡಿಯಾ ಅಲ್ಲ. ನಮ್ಮ ಊರಿನಲ್ಲೇ ಇದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರಿಗೆಲ್ಲ ದೀಪ ಹಿಡಿದ ಹೆಂಗಸಿನ ಚಿತ್ರ ಗೊತ್ತು. ಎಸ್. ಎಲ್. ಹಲ್ದನಕರ್ ಬರೆದದ್ದು, ನೀರುಬಣ್ಣದ ಚಿತ್ರ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ನಾನು ಚಿಕ್ಕವನಿದ್ದಾಗ ನಮ್ಮ ಸೋದರಮಾವ ಕರೆದುಕೊಂಡು ಹೋಗಿದ್ದರು. ಬೇರೆ ಚಿತ್ರಗಳೆಲ್ಲ ಸಾಲಾಗಿ ಬೆಳಕಿನಲ್ಲಿ. ಇದೊಂದಕ್ಕೆ ಮಾತ್ರ ಕತ್ತಲೆ ಕೋಣೆ. ಒಳಗೆ ಹೋದರೆ ಬೆರಳ ಸಂದಿಯಿಂದ ಬೆಳಕು ಹೊಳೆಯುತ್ತದೆ. ಹಿಂದೆ ಬಲ್ಬು ಇಟ್ಟಿದ್ದಾರೆ ಅಂತ ನಾನು ಬಗ್ಗಿ ನೋಡಿ ಮಾವನ ಕೈಲಿ ತಲೆಗೆ ಮೊಟಕಿಸಿಕೊಂಡೆ. ಅದೇ ಚಿತ್ರವನ್ನು ಬಿಸಿಲು ಬೀಳುವ ಹಾಲಿನಲ್ಲಿ ತೂಗುಹಾಕಿದ್ದರೆ ಊರ ಜನ ಅದನ್ನು ನೋಡಲಿಕ್ಕೇ ಅಂತ ಹೋಗುತ್ತಿದ್ದರಾ? ಯಾವುದನ್ನು ಎಲ್ಲಿ ಇಟ್ಟರೆ ಕಾಣುತ್ತದೆ ಅಂತ ಅವತ್ತಿನವರಿಗೆ ಗೊತ್ತಿತ್ತು.

ಗ್ರಂಥಾಲಯದ ಪ್ರದರ್ಶನಕ್ಕೆ ಇದು ಇನ್ನೂ ಜಾಸ್ತಿ ಬೇಕು. ಯಾಕೆ ಗೊತ್ತಾ? ಚಿತ್ರಶಾಲೆಯಲ್ಲಿ ಚಿತ್ರ ಪೂರ್ತಿ ಕಾಣುತ್ತದೆ. ಪುಸ್ತಕ ಹಾಗಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಪುಸ್ತಕ ಇಟ್ಟರೆ ಕಾಣುವುದು ಎರಡು ಪುಟ. ಉಳಿದದ್ದೆಲ್ಲ ಮುಚ್ಚಿದ ಬಾಗಿಲು. ತಾಳೆಗರಿ ಆದರೆ ಒಂದೇ ಗರಿ. ನಮ್ಮೂರಿನ ಓರಿಯಂಟಲ್ ಲೈಬ್ರರಿ 1891ರಲ್ಲಿ ಶುರುವಾಯಿತು. ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ. ಅಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ. ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ 'ಗ್ರಂಥ' ಅನ್ನೋ ಲಿಪಿಯಲ್ಲಿ ಬರೆದದ್ದು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಇಂಥದ್ದರ ಒಂದು ಗರಿಯ ಫೋಟೊ ಗೋಡೆಗೆ ಹಾಕಿ 'ಅಪರೂಪದ ಹಸ್ತಪ್ರತಿ' ಅಂತ ಬರೆದರೆ, ನೋಡುವವರಿಗೆ ಒಣಗಿದ ಎಲೆಯ ಮೇಲೆ ಇರುವೆ ಹರಿದ ಹಾಗೆ ಕಾಣುತ್ತದೆ, ಅಷ್ಟೇ.

ಅದನ್ನೇ ಮೂರು ನಿಮಿಷದ ವಿಡಿಯೊ ಮಾಡಿ ನೋಡಿ. ದಾರ ಬಿಚ್ಚುವ ಕೈ. ಕಂಟ ಅನ್ನೋ ಮೊನಚು ಕಡ್ಡಿಯಿಂದ ಗೀರಿದ ಅಕ್ಷರ ಮೊದಲು ಕಾಣುವುದೇ ಇಲ್ಲ. ಮಸಿ ಸವರಿ ಬಟ್ಟೆಯಲ್ಲಿ ಒರೆಸುತ್ತಾರೆ, ಆಗ ಅಕ್ಷರ ಕಪ್ಪಾಗಿ ಎದ್ದು ಬರುತ್ತದೆ. ಆಮೇಲೆ ಬಲ್ಲವರೊಬ್ಬರು ಒಂದು ಸಾಲು ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಅಷ್ಟು ನೋಡಿಕೊಂಡು ಹೊರಗೆ ಬಂದು ಅದೇ ಗಾಜಿನ ಪೆಟ್ಟಿಗೆ ಮುಂದೆ ನಿಂತವನು ಹತ್ತು ನಿಮಿಷ ಅಲ್ಲಾಡುವುದಿಲ್ಲ. ವಿಡಿಯೊ ಇರುವುದು ವಸ್ತುವಿನ ಬದಲಿಗೆ ಅಲ್ಲ, ವಸ್ತುವಿನ ಕಡೆಗೆ ಜನರನ್ನು ವಾಪಸ್ ಕಳಿಸುವುದಕ್ಕೆ. ಹಾಗಾಗಿ ರೂಮು ಪಕ್ಕದಲ್ಲೇ ಇರಬೇಕು. ಕೆಳಗಿನ ಮಹಡಿಯ ಸಭಾಂಗಣದಲ್ಲಿ 'ಸಂಜೆ ನಾಲ್ಕಕ್ಕೆ ಸಾಕ್ಷ್ಯಚಿತ್ರ' ಅಂತ ಹಾಕಿದರೆ ಆ ಕೆಲಸ ಆಗುವುದಿಲ್ಲ. ಅದಕ್ಕೆ ಬರುವವರು ನಾವು ಆರು ಜನ ಮುದುಕರು ಮಾತ್ರ. ಟೀ ಇದ್ದರೆ ಎಂಟು.

ಇನ್ನು ನನ್ನ ಕಸುಬಿನ ಮಾತು. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೊದಲನೇದು ಬಾಗಿಲು. ಬಾಗಿಲು ಹಾಕಿಕೊಂಡು ಒಳಗೆ ವಿಡಿಯೊ ತೋರಿಸಿದರೆ ಯಾರೂ ಬರುವುದಿಲ್ಲ. ಮುಚ್ಚಿದ ಬಾಗಿಲು ನೋಡಿದರೆ ನಮ್ಮ ಜನ ಒಳಗೆ ಮೀಟಿಂಗ್ ಇದೆ ಅಂದುಕೊಳ್ಳುತ್ತಾರೆ. ತೆರೆದಿಟ್ಟರೆ ಬೆಳಕು, ಸದ್ದು ಎರಡೂ ಸೋರುತ್ತದೆ. ಟಾಕೀಸಿನಲ್ಲಿ ಇದಕ್ಕೆ ಏನು ಮಾಡುತ್ತಿದ್ದರು ನೆನಪಿದೆಯಾ? ಬಾಗಿಲು ದಾಟಿದ ಮೇಲೆ ಒಂದು ದಪ್ಪ ಪರದೆ. ಪರದೆ ಸರಿಸಿ ಎರಡು ಹೆಜ್ಜೆ ಪಕ್ಕಕ್ಕೆ ತಿರುಗಿದರೆ ಒಳಗೆ. ದಾರಿ ನೇರ ಇಲ್ಲದಿದ್ದರೆ ಬೆಳಕು ಒಳಗೆ ಬರುವುದಿಲ್ಲ. ಹೊರಗೆ ಹೋಗುವ ಸದ್ದೂ ತುಂಬಾ ಕಡಿಮೆಯಾಗುತ್ತದೆ. ನಿಮ್ಮ ರೂಮಿನ ಬಾಗಿಲ ಒಳಗೆ ಅಡ್ಡಕ್ಕೆ ಒಂದು ಪರದೆ, ಅದರಿಂದ ಸ್ವಲ್ಪ ಬಿಟ್ಟು ಇನ್ನೊಂದು. ಅಷ್ಟೇ. ಆದರೆ ದಾರಿ 90 ಸೆಂಟಿಮೀಟರ್‌ಗಿಂತ ಕಡಿಮೆ ಆಗಬಾರದು. ಗಾಲಿ ಕುರ್ಚಿ ಹೋಗಬೇಕಲ್ಲ, ತಿರುಗುವ ಕಡೆ ಇನ್ನೂ ಸ್ವಲ್ಪ ಜಾಗ ಬಿಡಿ.

ಎರಡನೇದು ಗೋಡೆ. ಈಗ ಅದಕ್ಕೆ ಹೊಳೆಯುವ ಬಿಳಿ ಬಣ್ಣ ಇದೆ. ಟಿವಿಯ ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ಚಿತ್ರ ಮಂಕಾಗುತ್ತದೆ. ಹೊಳಪಿಲ್ಲದ ಗಾಢ ಬಣ್ಣ ಹೊಡೆಸಿ. ನೆಲಕ್ಕೆ ನಾರಿನ ಮ್ಯಾಟು, ಎರಡು ಗೋಡೆಗೆ ದಪ್ಪ ಬಟ್ಟೆ. ರೂಮಿನ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಚಪ್ಪಾಳೆ ಗಂಟೆ ಹೊಡೆದ ಹಾಗೆ ಉಳಿದುಕೊಂಡರೆ ಬಟ್ಟೆ ಸಾಲದು ಅಂತ ಅರ್ಥ. ಇದಕ್ಕೆ ಇಂಜಿನಿಯರ್ ಬೇಡ.

ಬಟ್ಟೆ ಅಂದಾಗ ಇನ್ನೊಂದು ಹೇಳಬೇಕು. ಇದನ್ನು ತಮಾಷೆಯಾಗಿ ಹೇಳುವುದಕ್ಕೆ ಆಗುವುದಿಲ್ಲ. 1989ರ ಫೆಬ್ರವರಿಯಲ್ಲಿ ನಮ್ಮ ಮೈಸೂರಿನ ಒಂದು ಸ್ಟುಡಿಯೊದಲ್ಲಿ ಟಿವಿ ಧಾರಾವಾಹಿಯ ಚಿತ್ರೀಕರಣ ನಡೆಯುವಾಗ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಆ ವಾರ ಊರು ಹೇಗಿತ್ತು ಅಂತ ನನ್ನ ವಯಸ್ಸಿನವರಿಗೆ ಗೊತ್ತು. ಕತ್ತಲೆ ರೂಮು, ಬಟ್ಟೆ, ವೈರು, ಜನ, ಇವು ನಾಲ್ಕು ಒಂದು ಕಡೆ ಸೇರಿದರೆ ನನಗೆ ಇವತ್ತಿಗೂ ಎದೆ ಡವಗುಟ್ಟುತ್ತದೆ. ಹಾಗಾಗಿ ಬೆಂಕಿ ಹತ್ತದ ಹಾಗೆ ಔಷಧಿ ಹಾಕಿದ ಬಟ್ಟೆಯನ್ನೇ ಬಳಸಿ. ವೈರನ್ನು ಗೋಡೆಯ ಪೈಪಿನಲ್ಲಿ ತನ್ನಿ, ಮ್ಯಾಟಿನ ಕೆಳಗೆ ಎಳೆಯಬೇಡಿ. ಆ ರೂಮಿಗೆ ಹಿಂದುಗಡೆ ವರಾಂಡಕ್ಕೆ ಇನ್ನೊಂದು ಬಾಗಿಲಿದೆ. ಅದರ ಮುಂದೆ ಈಗ ಬೀರು ನಿಲ್ಲಿಸಿದ್ದೀರಿ. ಬೀರು ತೆಗೆಯದೆ ರೂಮು ತೆರೆಯುವುದೇ ಬೇಡ. ಒಳಗೆ ಒಂದೇ ಸಲಕ್ಕೆ ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ. ಶಾಲೆ ಮಕ್ಕಳು ಬಂದರೆ ಸರದಿ ಮಾಡಿ ಬಿಡಿ.

ಮೂರನೇದು ಹೊತ್ತು. 1000 ಅಡಿ ರೀಲು 11 ನಿಮಿಷ ಓಡುತ್ತದೆ. ದುಡ್ಡು ಕೊಟ್ಟು ಕೂತವನೇ ಆ 11 ನಿಮಿಷದಲ್ಲಿ ಎರಡು ಸಲ ಮೈ ಮುರಿಯುತ್ತಿದ್ದ. ಪುಕ್ಕಟೆ ನಿಂತು ನೋಡುವವರು ಎಷ್ಟು ಹೊತ್ತು ನಿಲ್ಲುತ್ತಾರೆ ಹೇಳಿ. ಮೂರು ನಿಮಿಷ, ಜಾಸ್ತಿ ಅಂದರೆ ಐದು. ಬಾಗಿಲಲ್ಲಿ 'ಒಳಗೆ 4 ನಿಮಿಷದ ವಿಡಿಯೊ ಇದೆ, ಕೂರಲು ಬೆಂಚು ಇದೆ' ಅಂತ ಬರೆದು ಹಾಕಿ. ಎಷ್ಟು ಹೊತ್ತು ಅಂತ ಗೊತ್ತಿದ್ದರೆ ಜನ ಒಳಗೆ ಬರುತ್ತಾರೆ, ಗೊತ್ತಿಲ್ಲದಿದ್ದರೆ ಬಸ್ಸಿನ ನೆನಪಾಗುತ್ತದೆ.

ದಿನವಿಡೀ ಸುತ್ತಿ ಸುತ್ತಿ ಓಡುವ ಹಾಗೆ ಇಡಬೇಡಿ. ಒಂದು ಗುಂಡಿ ಇಡಿ, ಕಾಲಿಂಗ್ ಬೆಲ್ ಥರ. ಬಂದವರು ಒತ್ತಿದರೆ ಮೊದಲಿನಿಂದ ಶುರುವಾಗಲಿ. ಮಧ್ಯದಲ್ಲಿ ಬಂದವನಿಗೆ ಕತೆ ತಿಳಿಯುವುದಿಲ್ಲ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಅಲ್ಲಿ ಕೂರುವ ಮನುಷ್ಯ. ಲೆಕ್ಕ ಹಾಕಿ ನೋಡಿ. ಐದು ನಿಮಿಷದ ವಿಡಿಯೊ, ಎಂಟು ಗಂಟೆ ಡ್ಯೂಟಿ, ದಿನಕ್ಕೆ 96 ಸಲ. ಒಂದು ತಿಂಗಳು. ನಾನು ನೂರು ದಿನ ಓಡಿದ ಪಿಕ್ಚರ್ ದಿನಕ್ಕೆ ನಾಲ್ಕು ಆಟ ತೋರಿಸಿದವನು. ನನಗಾದರೋ ನಡುವೆ ಗಾಜಿತ್ತು, ಮೆಷಿನ್ ಸದ್ದಿನಲ್ಲಿ ಡೈಲಾಗ್ ಕೇಳಿಸುತ್ತಿರಲಿಲ್ಲ. ಅಷ್ಟಾದರೂ ಕನಸಿನಲ್ಲಿ ಅದೇ ಬರುತ್ತಿತ್ತು. ಕಳೆದ ಸಲ ನಿಮ್ಮ ಟಿವಿ ಸದ್ದು ಪೂರ್ತಿ ಹೋಗಿದ್ದು ಪರೀಕ್ಷೆಗೆ ಓದುವ ಹುಡುಗರಿಂದ ಮಾತ್ರ ಅಂದುಕೊಳ್ಳಬೇಡಿ. ಪಕ್ಕದ ಮೇಜಿನಲ್ಲಿ ಕೂತಿದ್ದ ಅಮ್ಮ ನನ್ನ ಹತ್ತಿರ ಮೆಲ್ಲಗೆ ಹೇಳಿದರು, 'ನಾನೇ ಆರಿಸಿದೆ ಸಾರ್, ತಲೆ ಸಿಡಿದು ಹೋಗ್ತಿತ್ತು.' ಅವರನ್ನು ಹುಡುಕಬೇಡಿ. ಬೈಯಬೇಡಿ.

ರಿಮೋಟ್ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ರಿಮೋಟ್ ಬೀರುವಿನಲ್ಲಿ, ಬೀರುವಿನ ಕೀ ಒಬ್ಬರ ಹತ್ತಿರ, ಅವರು ರಜೆ ಮೇಲೆ. ಸರ್ಕಾರಿ ಆಫೀಸಿನ ಪ್ರೊಜೆಕ್ಟರ್‌ಗಳು ಸಾಯುವುದು ಹೀಗೇ. ಕರೆಂಟ್ ಹೋಗಿ ಬಂದರೂ ತಾನಾಗಿ ಶುರುವಾಗುವ ಸಾಧಾರಣ ಟಿವಿ, ಹಿಂದೆ ಒಂದು ಪೆನ್ ಡ್ರೈವ್, ಅದರ ನಕಲು ಇನ್ನೊಂದು ಪೆನ್ ಡ್ರೈವ್ ಮೇಜಿನ ಡ್ರಾಯರಿನಲ್ಲಿ. ಚಿಕ್ಕ ರೂಮಿಗೆ ದೊಡ್ಡ ಪ್ರೊಜೆಕ್ಟರ್ ಯಾಕೆ? ನಾನೇ ಪ್ರೊಜೆಕ್ಟರ್ ಬೇಡ ಅನ್ನುತ್ತಿದ್ದೇನೆ ಅಂದರೆ ನೀವು ನಂಬಬೇಕು.

ಕಿವಿ ಕೇಳದವರಿಗೆ ಟಿವಿ ಪರದೆಯ ಕೆಳಭಾಗದಲ್ಲಿ ಕನ್ನಡ ಅಕ್ಷರ ಬೇಕೇ ಬೇಕು. ದೊಡ್ಡದಾಗಿ. ಕಣ್ಣು ಕಾಣದವರ ವಿಷಯ ಇನ್ನೂ ಮುಖ್ಯ. ಆ ಪ್ರದರ್ಶನಕ್ಕೆ ಕಣ್ಣು ಕಾಣದ ಒಬ್ಬ ಹುಡುಗ ಗೆಳೆಯನ ತೋಳು ಹಿಡಿದುಕೊಂಡು ಬಂದಿದ್ದ. ಅವನಿಗೆ ಎಲ್ಲ ಗಾಜು, ಎಲ್ಲ ಗೋಡೆ. ಗೆಳೆಯ ಪಾಪ ಓದಿ ಓದಿ ಹೇಳುತ್ತಿದ್ದ, ನಾಲ್ಕನೇ ಫೋಟೊಗೆ ಸುಸ್ತಾದ. ಅವತ್ತು ಗೌಹರ್ ಜಾನ್ ದನಿ ಒಂದು ಇದ್ದಿದ್ದರೆ ಆ ಹುಡುಗನೂ ಪ್ರದರ್ಶನ ನೋಡಿದ ಅನ್ನಬಹುದಿತ್ತು.

ಏನು ಹಾಕುವುದು, ಸಾಮಗ್ರಿ ಎಲ್ಲಿಂದ ತರುವುದು ಅಂತ ನೀವು ಕೇಳಬಹುದು. ಮೈಸೂರಿನಲ್ಲಿ ಕೂತು ಈ ಪ್ರಶ್ನೆ ಕೇಳಬಾರದು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಶುರುಮಾಡಿದ ಊರು ಇದು. ಆಕಾಶವಾಣಿ ಅನ್ನೋ ಹೆಸರು ಇಲ್ಲಿಂದಲೇ ಹೋಗಿ ಆಮೇಲೆ ಇಡೀ ದೇಶದ ರೇಡಿಯೊದ ಹೆಸರಾಯಿತು. ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತು ಸಂಗ್ರಹಾಲಯ ಇದೆ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಮನೆ ಮನೆಯಲ್ಲಿ ಗಮಕ ಹೇಳುವವರು ಇದ್ದಾರೆ. ಕೇಳಿ, ಕಾಗದ ಬರೆಯಿರಿ, ಒಪ್ಪಿಗೆ ತೆಗೆದುಕೊಳ್ಳಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಹೊರಬಂದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಗೌಹರ್ ಜಾನ್ ಕಾಲದ ತಟ್ಟೆಗಳ ಹಕ್ಕು ಮುಗಿದು ಎಷ್ಟೋ ವರ್ಷವಾಯಿತು. ಹೊಸದಕ್ಕೆ ಮಾತ್ರ ಕೇಳದೆ ಹಾಕಬೇಡಿ. ಯಾರೋ ಯೂಟ್ಯೂಬಿಗೆ ಹಾಕಿದ್ದಾರೆ ಅಂದ ಮಾತ್ರಕ್ಕೆ ಅದು ಊರ ಆಸ್ತಿಯಲ್ಲ.

ಇನ್ನೊಂದು ಆಸೆ ಇದೆ. ಪ್ರದರ್ಶನ ಮುಗಿದ ಮೇಲೆ ಆ ರೂಮಿಗೆ ಮತ್ತೆ ಕುರ್ಚಿ ತುಂಬಬೇಡಿ. ಬಟ್ಟೆ ಹಾಕಿದ ನಿಶ್ಶಬ್ದವಾದ ರೂಮು ಮಾತು ಹಿಡಿದಿಡುವುದಕ್ಕೂ ಒಳ್ಳೆಯದು. ಪೇಪರ್ ಮೇಜಿನಲ್ಲಿ ನನ್ನ ಎದುರಿಗೆ ಕೂರುವವರು ಎಂಬತ್ತೇಳು ವರ್ಷದವರು. ಅಕ್ಕಪಕ್ಕದ ನಾಲ್ಕು ಮನೆಗೆ ಒಂದೇ ರೇಡಿಯೊ ಇದ್ದ ಕಾಲ, ಆಟ ಬಿಟ್ಟ ಮೇಲೆ ರಾತ್ರಿ ಟಾಂಗಾದಲ್ಲಿ ಮನೆಗೆ ಹೋದದ್ದು, ಎಲ್ಲ ಹೇಳುತ್ತಾರೆ. ಅವರು ಕೂರಲಿ, ಒಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹೆಸರು, ತಾರೀಖು ಬರೆದುಕೊಂಡು ಒಪ್ಪಿಗೆ ಚೀಟಿಗೆ ಸಹಿ ಹಾಕಿಸಿ. ಹೋದ ವರ್ಷ ಆ ಮೇಜಿನಲ್ಲಿ ಒಂಬತ್ತು ಜನ ಇದ್ದೆವು. ಈಗ ಆರು.

ಗ್ಯಾಲರಿ ಕಿಟಕಿಗೂ ಒಂದು ಪರದೆ ಹಾಕಿಸಿ, ದಯವಿಟ್ಟು. ಹಳೆ ಕಾಗದ, ಫೋಟೊ, ತಾಳೆಗರಿಗೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೇಡ ಅಂತ ಮ್ಯೂಸಿಯಂನವರು ಲೆಕ್ಕ ಇಟ್ಟುಕೊಂಡಿದ್ದಾರೆ. ಲಕ್ಸ್ ಅಂದರೆ ಬೆಳಕು ಅಳೆಯುವ ಮಾನ. ಬಿಸಿಲು ಬೀಳುವ ಕಿಟಕಿ ಹತ್ತಿರ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಮೊಬೈಲಿನಲ್ಲಿ ಅಳೆಯುವ ಆ್ಯಪ್ ಇದೆ. ಕರಾರುವಾಕ್ಕಲ್ಲ, ಅಂದಾಜಿಗೆ ಸಾಕು.

ದುಡ್ಡಿಲ್ಲ ಅನ್ನಬೇಡಿ. 1965ರ ಕಾನೂನಿನಿಂದ ನಮ್ಮ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ, ನೂರಕ್ಕೆ ಆರು ರೂಪಾಯಿ. ನನ್ನದು ಚಿಕ್ಕ ಮನೆ, ಕರವೂ ಚಿಕ್ಕದು, ಆದರೆ ಒಂದು ವರ್ಷವೂ ತಪ್ಪಿಸಿಲ್ಲ. ಅದೂ ಅಲ್ಲದೆ ನಾನು ಕೇಳುತ್ತಿರುವುದು ಹೊಸ ಕಟ್ಟಡ ಅಲ್ಲ. ಟಿವಿ ನಿಮ್ಮ ಹತ್ತಿರ ಈಗಾಗಲೇ ಇದೆ. ಬೇಕಾಗಿರುವುದು ಬಣ್ಣ, ಮ್ಯಾಟು, ಬಟ್ಟೆ, ಒಂದು ಬೆಂಚು, ಒಬ್ಬ ಎಲೆಕ್ಟ್ರಿಷಿಯನ್ನಿಗೆ ಎರಡು ದಿನದ ಕೂಲಿ.

ಬಟ್ಟೆಯಲ್ಲೂ ಸ್ವಲ್ಪ ಉಳಿಯುತ್ತದೆ. ನಾನು ಕೆಲಸ ಮಾಡುತ್ತಿದ್ದ ಟಾಕೀಸು ಮುಚ್ಚಿದಾಗ ಸಾಮಾನು ಹರಾಜು ಹಾಕಿದರು. ಬಾಗಿಲಿನ ಎರಡು ಕರಿ ಪರದೆಗಳನ್ನು ನಾನು ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆ ಅಂತ ಮನೆಯವಳು ಇವತ್ತಿಗೂ ಕೇಳುತ್ತಾಳೆ. ಒಗೆಸಿ ಮಡಚಿ ಅಟ್ಟದ ಮೇಲೆ ಇಟ್ಟಿದ್ದೇನೆ. ಹಿತ್ತಾಳೆ ಉಂಗುರಗಳೂ ಇವೆ, ಎರಡು ಮಾತ್ರ ಕಳೆದುಹೋಗಿವೆ. ಬೆಂಕಿ ತಡೆಯುವ ಔಷಧಿಯಲ್ಲಿ ಅದ್ದಿಸಿಕೊಂಡು ಬಳಸಿ. ರಸೀದಿ ಬೇಡ, ಸನ್ಮಾನವೂ ಬೇಡ, ಶಾಲು ಮನೆಯಲ್ಲಿ ಬೇಕಾದಷ್ಟಿದೆ.

ಅಳತೆಗೆ ಯಾವಾಗ ಬರಲಿ ಅಂತ ಹೇಳಿ ಕಳಿಸಿ. ಟೇಪು ನಾನೇ ತರುತ್ತೇನೆ. ಆ ರೂಮಿನ ಕೀ ಯಾರ ಹತ್ತಿರ ಇದೆ ಅಂತ ಮಾತ್ರ ಅಷ್ಟರೊಳಗೆ ವಿಚಾರಿಸಿ ಇಟ್ಟಿರಿ.

ಇತಿ,
ಕಿಟಕಿ ಪಕ್ಕದ ಕುರ್ಚಿಯ ಓದುಗ,
ನಿವೃತ್ತ ಸಿನಿಮಾ ಆಪರೇಟರ್, ಮೈಸೂರು